ನನ್ನ ಬಳಿಯಲ್ಲಿ ನಿಂತವನು

ಕ್ರಿಸ್ತನ ಶ್ರಮೆಯನ್ನು ನೆನೆಯುವ, ಈಸ್ಟರ್‌ಗೆ ಮುಂಚಿನ ಶ್ರಮೆಯ ದಿನಗಳ ಸಂಜೆಕೂಟವೊಂದರಲ್ಲಿ ನೀಡಿದ ಉಪನ್ಯಾಸವನ್ನು, ಕೇಳಿದವರು ಬಯಸಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ನುಸುಳಿದ್ದ ಪುನರುಕ್ತಿಗಳನ್ನು ತೆಗೆದು, ಅಂದು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಚಾರಗಳನ್ನು ಸೇರಿಸಿದ್ದೇನೆ.

ಕರ್ತನಲ್ಲಿ ಪ್ರಿಯರೇ,

ಲೋಕದ ಹಗೆತನದ ನಡುವೆ ದೇವರ ಸಹಾಯವನ್ನು ನೆಚ್ಚಿ ಬದುಕುವ ಮಾತು ಬಂದಾಗ ನಮ್ಮ ಸಭೆಗಳಲ್ಲಿ ತೆರೆಯುವ ಪುಟಗಳು ಕೆಲವೇ. ಕೆಂಪು ಸಮುದ್ರ ಇಬ್ಭಾಗವಾದದ್ದು, ಬೆಂಕಿಯ ಕುಲುಮೆಗೆ ಬಿದ್ದ ಮೂವರ ತಲೆಗೂದಲೂ ಸುಡದೆ ಉಳಿದದ್ದು, ದಾನಿಯೇಲನ ಮುಂದೆ ಸಿಂಹಗಳ ಬಾಯಿ ಕಟ್ಟಿದ್ದು. ಇವನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ಇವನ್ನಷ್ಟೇ ಕೇಳಿ ಬೆಳೆದ ವಿಶ್ವಾಸಿಯು, ತಾನು ಬಿದ್ದ ಕುಲುಮೆಯಲ್ಲಿ ಮೈ ಸುಟ್ಟುಕೊಂಡಾಗ, ತನ್ನ ಪಾಲಿನ ಸಿಂಹ ಬಾಯಿ ಮುಚ್ಚದೇ ಹೋದಾಗ, ದೇವರು ತನ್ನನ್ನು ಕೈಬಿಟ್ಟನೆಂದೋ ತನ್ನ ನಂಬಿಕೆಯೇ ಸಾಲದೆಂದೋ ತೀರ್ಮಾನಿಸಿಬಿಡುತ್ತಾನೆ. ಹೀಗೆ ತೀರ್ಮಾನಿಸಿ ಸಭೆಯ ಬಾಗಿಲಿಗೆ ಮರಳಿ ಬಾರದೆ ಹೋದವರನ್ನು ನಾನು ಬಲ್ಲೆ, ಮತ್ತು ಅವರಿಗೆ ನಾವು ಅರ್ಧ ವಾಕ್ಯವನ್ನಷ್ಟೇ ಕಲಿಸಿದೆವು ಎಂಬ ನೋವು ನನಗಿದೆ. ಆದುದರಿಂದ ಈ ಸಂಜೆ, ಸೆರೆಮನೆಯ ಬಾಗಿಲು ತೆರೆಯದೇ ಉಳಿದ ಒಂದು ಪ್ರಸಂಗವನ್ನು ಓದೋಣ. ಅಪೊಸ್ತಲನಾದ ಪೌಲನು ತನ್ನ ಕಿರಿಯ ಜೊತೆಗೆಲಸಗಾರ ತಿಮೊಥೆಗೆ ಬರೆದ ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಒಂಬತ್ತನೆಯ ವಚನದಿಂದ ಕೊನೆಯವರೆಗಿನ ಭಾಗ ಅದು.

ಈ ಪತ್ರವನ್ನು ಬರೆದ ಕೈ ಯಾರದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ನಾನು ಇದನ್ನು ಸಭೆಯ ಪರಂಪರೆಯಂತೆ ಪೌಲನ ಕೊನೆಯ ಪತ್ರವೆಂದೇ ಓದುತ್ತೇನೆ. ಅವನು ರೋಮಿನಲ್ಲಿ ಬೇಡಿ ತೊಟ್ಟು ಕುಳಿತಿದ್ದಾನೆ. ಕ್ರಿಸ್ತಶಕ 64ರಲ್ಲಿ ರೋಮ್ ನಗರ ಹೊತ್ತಿ ಉರಿದಾಗ ನೀರೋ ಚಕ್ರವರ್ತಿಯು ಅದರ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿದನೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪೌಲನು ಕೊಲ್ಲಲ್ಪಟ್ಟದ್ದೂ ನೀರೋನ ಆಳ್ವಿಕೆಯಲ್ಲೇ ಎಂದು ಪರಂಪರೆ ಹೇಳುತ್ತದೆ. ಅಂಥ ಹೊತ್ತಿನಲ್ಲಿ ಕ್ರೈಸ್ತ ಕೈದಿಯೊಬ್ಬನ ಸೆರೆಮನೆಯ ವಿಳಾಸ ಕೇಳಿಕೊಂಡು ಬೀದಿಯಲ್ಲಿ ಅಲೆಯುವುದೇ ಅಪಾಯದ ಕೆಲಸ. ಒನೇಸಿಫೊರನೆಂಬವನು ಹಾಗೆ ಅಲೆದು ತನ್ನನ್ನು ಹುಡುಕಿ ಕಂಡುಹಿಡಿದನೆಂದೂ ತನ್ನ ಬೇಡಿಯ ವಿಷಯದಲ್ಲಿ ಅವನು ನಾಚಿಕೊಳ್ಳಲಿಲ್ಲವೆಂದೂ ಪೌಲನು ಮೊದಲನೆಯ ಅಧ್ಯಾಯದಲ್ಲಿ ಕೃತಜ್ಞತೆಯಿಂದ ನೆನೆಯುತ್ತಾನೆ. ಹುಡುಕಬೇಕಾಯಿತೆಂದರೆ, ಅವನು ಎಲ್ಲಿದ್ದಾನೆಂಬುದು ಸುಲಭವಾಗಿ ತಿಳಿಯುತ್ತಿರಲಿಲ್ಲ ಎಂದಾಯಿತು.

ಇನ್ನು ನಾಲ್ಕನೆಯ ಅಧ್ಯಾಯದ ಈ ಭಾಗವನ್ನು ನೋಡಿ. ಮಹಾ ಅಪೊಸ್ತಲನ ಅಂತಿಮ ನುಡಿಗಳೆಂದರೆ ಉನ್ನತವಾದ ಉಪದೇಶವೇ ಇರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಇಲ್ಲಿರುವುದಾದರೋ ಒಂಟಿಯಾದ ಮುದುಕನೊಬ್ಬ ಮನೆಮಗನಿಗೆ ಬರೆಯುವಂಥ ಸಾಲುಗಳು. ಬೇಗ ಬಾ. ದೇಮನು ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೊನೀಕಕ್ಕೆ ಹೋದನು. ಕ್ರೆಸ್ಕನು ಗಲಾತ್ಯಕ್ಕೆ, ತೀತನು ದಲ್ಮಾತ್ಯಕ್ಕೆ ಹೋದರು. ತುಖಿಕನನ್ನು ನಾನೇ ಎಫೆಸಕ್ಕೆ ಕಳುಹಿಸಿದೆನು. ಲೂಕನೊಬ್ಬನೇ ನನ್ನೊಂದಿಗಿದ್ದಾನೆ. ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತಾ. ಪುಸ್ತಕಗಳನ್ನು, ಮುಖ್ಯವಾಗಿ ಚರ್ಮದ ಹಾಳೆಗಳನ್ನು ತಾ.

ಆ ಮೇಲಂಗಿಯ ಬಳಿ ಸ್ವಲ್ಪ ನಿಲ್ಲೋಣ. ಮೂಲದಲ್ಲಿ ಬಳಸಿರುವ ಪದವು ನಡುವೆ ತಲೆ ತೂರಿಸಲು ಕಂಡಿ ಬಿಟ್ಟು ಮೈತುಂಬ ಹೊದೆಯುವ, ಪ್ರಯಾಣಿಕರೂ ಸೈನಿಕರೂ ಮಳೆಚಳಿಗೆ ಬಳಸುತ್ತಿದ್ದ ದಪ್ಪ ಹೊದಿಕೆಯನ್ನು ಸೂಚಿಸುತ್ತದೆ. ನಮ್ಮಲ್ಲಿ ಕುರಿಗಾಹಿಗಳು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಳ್ಳುವ ಕರಿಕಂಬಳಿಯನ್ನು ನೆನೆದರೆ ಅದರ ಭಾರವೂ ಬಿಸುಪೂ ಅಂದಾಜಿಗೆ ಸಿಗುತ್ತವೆ. ತ್ರೋವವು ಇಂದಿನ ತುರ್ಕಿಯ ಪಶ್ಚಿಮ ಕರಾವಳಿಯ ಬಂದರು; ಅಲ್ಲಿಂದ ರೋಮಿಗೆ ಸಮುದ್ರ ದಾಟಿ ಬರಬೇಕು. ಒಂದು ಹಳೆಯ ಕಂಬಳಿಗಾಗಿ ಅಷ್ಟು ದೂರಕ್ಕೆ ಹೇಳಿಕಳುಹಿಸುತ್ತಾನೆಂದರೆ ಹೊಸದನ್ನು ಕೊಳ್ಳಲು ಅವನಲ್ಲಿ ಹಣವಿರಲಿಲ್ಲವೆಂದೋ, ತಂದುಕೊಡುವವರು ಅಲ್ಲಿರಲಿಲ್ಲವೆಂದೋ ಊಹಿಸಬೇಕಾಗುತ್ತದೆ. ಮೂರನೆಯ ಸ್ವರ್ಗದವರೆಗೂ ಒಯ್ಯಲ್ಪಟ್ಟ ಮನುಷ್ಯನನ್ನು ಬಲ್ಲೆನೆಂದು ಕೊರಿಂಥದವರಿಗೆ ಬರೆದವನು ಇವನೇ. ಆ ಅನುಭವವು ಚಳಿಯನ್ನು ದೂರಮಾಡಲಿಲ್ಲ. ಚಳಿಯಾಗುತ್ತಿದೆ ಎಂದು ಹೇಳಿಕೊಳ್ಳುವುದು ಅವನಿಗೆ ಅವಿಶ್ವಾಸವೆಂದೂ ತೋರಲಿಲ್ಲ. ದೇವರನ್ನು ನೆಚ್ಚಿದವರು ಯಾವ ಮನುಷ್ಯನನ್ನೂ ಏನನ್ನೂ ಕೇಳಬಾರದು, ಕೇಳಿದರೆ ನಂಬಿಕೆಗೆ ಕುಂದು ಎಂಬ ಬೋಧನೆಯನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ, ಬಹಳ ಕಾಲ ನಂಬಿಯೂ ಇದ್ದೆ. ಆ ನಂಬಿಕೆಯನ್ನು ನನ್ನಿಂದ ಬಿಡಿಸಿದ್ದು ಈ ಕಂಬಳಿ.

ಮುಂದಿನ ಮಾತು ಹಗೆತನದ್ದು. ಕಂಚುಗಾರನಾದ ಅಲೆಕ್ಸಾಂದ್ರನು ನನಗೆ ಬಹಳ ಕೇಡು ಮಾಡಿದನು, ಅವನ ಕೃತ್ಯಗಳಿಗೆ ತಕ್ಕದ್ದನ್ನು ಕರ್ತನು ಅವನಿಗೆ ಸಲ್ಲಿಸುವನು, ನೀನೂ ಅವನ ವಿಷಯದಲ್ಲಿ ಎಚ್ಚರದಿಂದಿರು ಎನ್ನುತ್ತಾನೆ. ಇದರಲ್ಲಿ ಎರಡು ಸಂಗತಿಗಳು ಕೂಡಿವೆ. ಕೇಡನ್ನು ಕೇಡೆಂದೇ ಕರೆಯುತ್ತಾನೆ, ಹೆಸರು ಹಿಡಿದು ಹೇಳುತ್ತಾನೆ, ತನ್ನವನನ್ನು ಎಚ್ಚರಿಸುತ್ತಾನೆ. ಕ್ರೈಸ್ತನಾದವನು ಏನೂ ಆಗಿಲ್ಲವೆಂದು ನಗುತ್ತಿರಬೇಕೆಂಬ ನಟನೆ ಇಲ್ಲಿಲ್ಲ. ಆದರೆ ತೀರಿಸಬೇಕಾದ ಲೆಕ್ಕವನ್ನು ಅವನು ತನ್ನ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ, ಅದನ್ನು ಕರ್ತನ ಕಡೆಗೆ ದಾಟಿಸುತ್ತಾನೆ. ನಮ್ಮ ಕೆಲವು ಉಪವಾಸ ಪ್ರಾರ್ಥನೆಗಳಲ್ಲಿ ವಿರೋಧಿಗಳ ಹೆಸರು ಹಿಡಿದು ಅವರ ನಾಶವನ್ನು ಬೇಡುವುದನ್ನು ನಾನು ಕೇಳಿದ್ದೇನೆ. ಅದು ಲೆಕ್ಕವನ್ನು ದಾಟಿಸುವ ಪ್ರಾರ್ಥನೆಯಲ್ಲ, ವಸೂಲಿಗೆ ದೇವರನ್ನೇ ಆಳಾಗಿ ಕಳುಹಿಸುವ ಪ್ರಾರ್ಥನೆ. ಇದನ್ನು ಕಟುವಾಗಿಯೇ ಹೇಳುತ್ತಿದ್ದೇನೆ, ಏಕೆಂದರೆ ದೇವರ ಸಹಾಯವನ್ನು ನೆಚ್ಚುವುದಕ್ಕೂ ದೇವರನ್ನು ನಮ್ಮ ಹಗೆಯ ಸೇವೆಗೆ ನೇಮಿಸಿಕೊಳ್ಳುವುದಕ್ಕೂ ನಡುವೆ ಇರುವ ಗೆರೆ ತೀರ ತೆಳ್ಳಗಿದೆ, ಮತ್ತು ನೊಂದವನಿಗೆ ಅದು ಕಾಣುವುದೇ ಇಲ್ಲ.

ಹಗೆಗಿಂತಲೂ ಆಳವಾದ ಗಾಯ ಹದಿನಾರನೆಯ ವಚನದಲ್ಲಿದೆ. ನನ್ನ ಮೊದಲನೆಯ ವಿಚಾರಣೆಯಲ್ಲಿ ಯಾರೂ ನನ್ನ ಪಕ್ಷಕ್ಕೆ ಬರಲಿಲ್ಲ, ಎಲ್ಲರೂ ನನ್ನನ್ನು ಬಿಟ್ಟುಬಿಟ್ಟರು. ರೋಮಿನ ನ್ಯಾಯಸ್ಥಾನದಲ್ಲಿ ಆಪಾದಿತನ ಪಕ್ಕದಲ್ಲಿ ಅವನ ಆಶ್ರಯದಾತರೂ ಸ್ನೇಹಿತರೂ ಬಂದು ನಿಲ್ಲುವ ಪದ್ಧತಿಯಿತ್ತು. ಅವರು ಬಾಯಿ ತೆರೆಯದಿದ್ದರೂ ಅವರ ಇರವೇ ಒಂದು ಸಾಕ್ಷಿ, ಈ ಮನುಷ್ಯನಿಗೆ ನಮ್ಮ ಮಾನವನ್ನು ಒತ್ತೆ ಇಡುತ್ತೇವೆ ಎಂಬ ಅರ್ಥ ಅದಕ್ಕಿತ್ತು. ಪೌಲನು ನಿಂತ ದಿನ ಆ ಜಾಗ ಬರಿದಾಗಿತ್ತು. ನಮ್ಮಲ್ಲಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಕಚೇರಿಯ ವಿಚಾರಣೆಯ ಕೋಣೆಯಲ್ಲಿ, ಪಂಚಾಯಿತಿಯ ಕಟ್ಟೆಯ ಮುಂದೆ ಒಂಟಿಯಾಗಿ ನಿಂತವರಿಗೆ ಈ ವಚನವನ್ನು ವಿವರಿಸಬೇಕಾಗಿಲ್ಲ. ವಿರೋಧಿಯ ಮಾತನ್ನು ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ. ಬರುತ್ತೇನೆಂದು ಹೇಳಿದ್ದ ಸ್ವಂತದವನು ಫೋನನ್ನೂ ಎತ್ತದೇ ಹೋದಾಗ ಒಳಗಿನ ಏನೋ ಒಂದು ಮುರಿಯುತ್ತದೆ.

ಇದರ ಬೆನ್ನಿಗೇ ಬರುವ ಮಾತು ಇಡೀ ಪತ್ರದ ನಡುಗಂಬವೆಂದು ನಾನು ತಿಳಿದಿದ್ದೇನೆ: ಆದರೆ ಕರ್ತನು ನನ್ನ ಬಳಿಯಲ್ಲಿ ನಿಂತು ನನ್ನನ್ನು ಬಲಪಡಿಸಿದನು. ಮೂಲ ಭಾಷೆಯಲ್ಲಿ ಈ ಎರಡು ವಚನಗಳ ಕ್ರಿಯಾಪದಗಳೂ 'ಪಾರಾ' ಎಂಬ ಒಂದೇ ಉಪಸರ್ಗವನ್ನು ಹೊತ್ತಿವೆ, 'ಬಳಿಗೆ, ಪಕ್ಕದಲ್ಲಿ' ಎಂದು ಅದರ ಅರ್ಥ. ಯಾರೂ ಪಕ್ಕಕ್ಕೆ ಬರಲಿಲ್ಲ. ಕರ್ತನು ಪಕ್ಕದಲ್ಲಿ ನಿಂತನು. ಬರಿದಾಗಿದ್ದ ಅದೇ ಜಾಗದಲ್ಲಿ ಅವನು ನಿಂತನೆಂಬಂತೆ ಆ ವಾಕ್ಯ ಕೇಳುತ್ತದೆ. ಯೇಸುವು ತನ್ನ ಶಿಷ್ಯರಿಗೆ ಪವಿತ್ರಾತ್ಮನನ್ನು ವಾಗ್ದಾನ ಮಾಡುವಾಗ ಬಳಸಿದ, ನಮ್ಮ ಸತ್ಯವೇದದಲ್ಲಿ 'ಸಹಾಯಕನು' ಎಂದು ಅನುವಾದವಾಗಿರುವ ಪದವಾದ ಪಾರಾಕ್ಲೇತೊಸ್ ಎಂಬುದೂ ಇದೇ ಉಪಸರ್ಗದಿಂದ ಬಂದದ್ದು. ಪಕ್ಕಕ್ಕೆ ಕರೆಯಲ್ಪಟ್ಟವನು, ನ್ಯಾಯಸ್ಥಾನದಲ್ಲಿ ನಮ್ಮ ಪರವಾಗಿ ನಿಲ್ಲುವವನು ಎಂಬ ಭಾವ ಅದಕ್ಕಿದೆ. ಹಾಗಾದರೆ ಶಾಸ್ತ್ರದ ಭಾಷೆಯಲ್ಲಿ ಸಹಾಯವೆಂದರೆ ಮೊದಲು ಒಂದು ನಿಲುವು, ಒಬ್ಬರ ಸಮೀಪದ ಇರವು. ಬಿಡುಗಡೆ ಅದರ ಹಿಂದೆ ಬರಬಹುದು, ಬಾರದೆಯೂ ಇರಬಹುದು.

ನಿಲ್ಲುವ ಈ ಕರ್ತನನ್ನು ಪೌಲನು ಮೊದಲು ಯಾರ ಬಾಯಿಂದ ಕೇಳಿರಬಹುದು? ಅಪೊಸ್ತಲರ ಕೃತ್ಯಗಳ ಏಳನೆಯ ಅಧ್ಯಾಯಕ್ಕೆ ಬನ್ನಿ. ಕ್ರಿಸ್ತನ ಸಾಕ್ಷಿಯಾದ ಸ್ತೆಫನನನ್ನು ಕಲ್ಲೆಸೆದು ಕೊಲ್ಲುವಾಗ ಕಲ್ಲೆಸೆಯುವವರು ತಮ್ಮ ವಸ್ತ್ರಗಳನ್ನು ಒಬ್ಬ ಯೌವನಸ್ಥನ ಪಾದಗಳ ಬಳಿ ಇಟ್ಟರು. ಅವನ ಹೆಸರು ಸೌಲ, ಮುಂದೆ ಪೌಲನೆನಿಸಿಕೊಂಡವನು ಇವನೇ. ಅದಕ್ಕೆ ಸ್ವಲ್ಪ ಮುಂಚೆ ಸ್ತೆಫನನು ಆಕಾಶವನ್ನು ದಿಟ್ಟಿಸಿ, ಮನುಷ್ಯಕುಮಾರನು ದೇವರ ಬಲಗಡೆಯಲ್ಲಿ ನಿಂತಿರುವುದನ್ನು ಕಾಣುತ್ತೇನೆ ಎಂದಿದ್ದನು. ಹೊಸ ಒಡಂಬಡಿಕೆಯ ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ಕ್ರಿಸ್ತನು ದೇವರ ಬಲಗಡೆಯಲ್ಲಿ ಕುಳಿತಿರುವವನಾಗಿ ಕಾಣಿಸಿದರೆ, ಇಲ್ಲಿ ಎದ್ದು ನಿಂತಿದ್ದಾನೆ. ಕಲ್ಲುಗಳಾದರೋ ನಿಲ್ಲಲಿಲ್ಲ. ಸ್ತೆಫನನು ಮೊಣಕಾಲೂರಿ, ಕರ್ತನೇ, ಈ ಪಾಪವನ್ನು ಅವರ ಮೇಲೆ ಹೊರಿಸಬೇಡ ಎಂದು ಕೂಗಿ ಪ್ರಾಣಬಿಟ್ಟನು. ಎಷ್ಟೋ ವರ್ಷಗಳ ತರುವಾಯ ರೋಮಿನ ಸೆರೆಯಲ್ಲಿ ಕುಳಿತ ಮುದುಕ ಸೌಲನು, ತನ್ನನ್ನು ಬಿಟ್ಟುಹೋದವರನ್ನು ಕುರಿತು ಬರೆಯುತ್ತಾನೆ: ಇದು ಅವರ ಲೆಕ್ಕಕ್ಕೆ ಸೇರದಿರಲಿ. ಅಂದು ಬಟ್ಟೆ ಕಾಯುತ್ತಿದ್ದ ಯುವಕನ ಕಿವಿಗೆ ಬಿದ್ದ ಪ್ರಾರ್ಥನೆ ಅವನ ಬಾಯಿಂದ ಹೊರಬರಲು ಒಂದು ಜೀವಮಾನವೇ ಬೇಕಾಯಿತು. ಈ ಎರಡು ವಾಕ್ಯಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ. ಹಗೆತನದ ನಡುವೆ ದೇವರು ಕೊಟ್ಟ ಅತಿ ದೊಡ್ಡ ಸಹಾಯ ಯಾವುದೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಕೊಲ್ಲುವವರ ಕಡೆಯಲ್ಲಿ ನಿಂತಿದ್ದವನು ಕ್ಷಮಿಸುವವನಾಗಿ ಸತ್ತನು.

ಪೌಲನು ಇದನ್ನು ಗುರುವಿನಿಂದಲೂ ಕಲಿತಿದ್ದನು. ಯೋಹಾನನ ಸುವಾರ್ತೆಯ ಹದಿನಾರನೆಯ ಅಧ್ಯಾಯದ ಕೊನೆಯ ವಚನ ನಮ್ಮೆಲ್ಲರ ಮನೆಯ ಗೋಡೆಗಳ ಮೇಲೆ, ಕ್ಯಾಲೆಂಡರುಗಳ ಮೇಲೆ ಇದೆ: ಲೋಕದಲ್ಲಿ ನಿಮಗೆ ಸಂಕಟ ಉಂಟು, ಧೈರ್ಯವಾಗಿರಿ, ನಾನು ಲೋಕವನ್ನು ಜಯಿಸಿದ್ದೇನೆ. ಅದರ ಹಿಂದಿನ ವಚನವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ನೀವೆಲ್ಲರೂ ಚದರಿ ನಿಮ್ಮ ನಿಮ್ಮ ಸ್ಥಳಗಳಿಗೆ ಹೋಗಿ ನನ್ನನ್ನು ಒಂಟಿಗನನ್ನಾಗಿ ಮಾಡುವ ಗಳಿಗೆ ಬರುತ್ತದೆ, ಆದರೂ ನಾನು ಒಂಟಿಗನಲ್ಲ, ತಂದೆಯು ನನ್ನೊಂದಿಗಿದ್ದಾನೆ ಎಂದು ಅಲ್ಲಿ ಯೇಸು ಹೇಳುತ್ತಾನೆ. ಲೋಕವನ್ನು ಜಯಿಸಿದ್ದೇನೆ ಎಂಬ ಮಾತು ಬಂದದ್ದು ಶಿಲುಬೆಗೆ ಹಿಂದಿನ ರಾತ್ರಿ, ಸಂಗಡಿಗರು ಓಡಿಹೋಗುವರೆಂದು ಚೆನ್ನಾಗಿ ತಿಳಿದವನ ಬಾಯಿಂದ.

ಇಲ್ಲಿ ಲೋಕ ಎಂಬ ಪದವನ್ನು ಎಚ್ಚರದಿಂದ ಬಳಸಬೇಕು. ಕನ್ನಡದಲ್ಲಿ ನಾವು ಲೋಕ ಏನಂದೀತು ಎನ್ನುತ್ತೇವೆ, ಲೋಕರೂಢಿ ಎನ್ನುತ್ತೇವೆ. ಆ ಬಳಕೆಯಲ್ಲಿ ಲೋಕವೆಂದರೆ ನಮ್ಮನ್ನು ನೋಡುತ್ತಿರುವ, ಅಳೆಯುತ್ತಿರುವ ಒಂದು ಕಣ್ಣು. ಯೋಹಾನನು ಹೇಳುವ ಹಗೆಯ ಲೋಕವೂ ಬಹುಮಟ್ಟಿಗೆ ಅಂಥದ್ದೇ, ದೇವರನ್ನು ಬದಿಗಿಟ್ಟು ತನ್ನ ಅಧಿಕಾರ, ತನ್ನ ಲಾಭ, ತನ್ನ ಗೌರವಗಳ ಸುತ್ತ ಕಟ್ಟಿಕೊಂಡ ವ್ಯವಸ್ಥೆ. ಪಕ್ಕದ ಮನೆಯವರಿಗೆ, ಬೇರೆ ನಂಬಿಕೆಯವರಿಗೆ ಆ ಹೆಸರನ್ನು ಹಚ್ಚುವಂತಿಲ್ಲ. ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟನೆಂದು ಬರೆದವನೂ ಅದೇ ಯೋಹಾನನು, ಆ ಲೋಕ ಸಭೆಯ ಒಳಗೂ ಧಾರಾಳವಾಗಿ ಇದೆ. ರೋಮಿನ ಕ್ರೈಸ್ತರ ಮೇಲೆ ಹೊರಿಸಿದ್ದ ಆರೋಪ ಬೆಂಕಿ ಹಚ್ಚಿದ್ದು ಮಾತ್ರವಲ್ಲ, ಅವರು ಮನುಕುಲವನ್ನೇ ದ್ವೇಷಿಸುವವರೆಂಬ ಭಾವನೆ ಜನರಲ್ಲಿತ್ತೆಂದು ಟ್ಯಾಸಿಟಸ್‌ನ ಬರಹದಿಂದ ತಿಳಿಯುತ್ತದೆ. ಅದು ಸುಳ್ಳು ಆರೋಪ. ಅದನ್ನು ನಮ್ಮ ನಡತೆಯಿಂದ ನಿಜಮಾಡಿ ತೋರಿಸದಿರುವ ಹೊಣೆ ನಮ್ಮದು. ನಮಗೆದುರಾಗುವ ಪ್ರತಿಯೊಂದು ಜಗಳವೂ ಕ್ರಿಸ್ತನ ನಿಮಿತ್ತವಾದದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಕೊಲೆಗಾರನಾಗಿಯೋ ಕಳ್ಳನಾಗಿಯೋ ಪರರ ಕಾರ್ಯಗಳಲ್ಲಿ ತಲೆಹಾಕುವವನಾಗಿಯೋ ನಿಮ್ಮಲ್ಲಿ ಯಾರೂ ಶ್ರಮೆಪಡಬಾರದು ಎಂದು ಪೇತ್ರನು ಬರೆಯುವಾಗ ಕೊಲೆಯ ಸಾಲಿನಲ್ಲಿಯೇ ತಲೆಹಾಕುವುದನ್ನೂ ಸೇರಿಸಿದ್ದಾನೆ.

ನಮ್ಮ ನಾಡಿನ ಒಂದು ನಿದರ್ಶನವನ್ನು ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸೇವಾಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಸೇವಕರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಮುಂದೆ ಅಲ್ಲಿಗೆ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರೆಂದು ನಿಮಗೆಲ್ಲ ತಿಳಿದಿದೆ. ಮರುವರ್ಷ, 1844ರ ಜನವರಿ 6ರಂದು, ಅವರ ಬಳಿ ಕಲಿಯುತ್ತಿದ್ದ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿಣ್ಯ ದೀಕ್ಷಾಸ್ನಾನ ಪಡೆದು ಗುರುವಿನ ಹೆಸರನ್ನೇ ತನ್ನ ಹೆಸರಿನ ಹಿಂದೆ ಇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿಣ್ಯನಾದನು. ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಆ ಕೋಪವನ್ನು ನಾನು ಹಗುರವಾಗಿ ಕಾಣಲಾರೆ. ಮಗನೊಬ್ಬ ಬದುಕಿರುವಾಗಲೇ ಮನೆಗೆ ಇಲ್ಲವಾದಂತೆ ಆದ ಕುಟುಂಬದ ದುಃಖವನ್ನು ಹಗೆತನವೆಂದಷ್ಟೇ ಬರೆದು ಮುಂದೆ ಸಾಗುವುದು ನ್ಯಾಯವಲ್ಲ. ಆದರೆ ಆ ಹುಡುಗ ಒಳಗೆ ಏನು ಅನುಭವಿಸಿರಬೇಕೆಂದು ಯೋಚಿಸಿ: ತಾನು ಹುಟ್ಟಿ ಬೆಳೆದ ಬೀದಿಗಳೇ ತನಗೆ ಮುಚ್ಚಿದವು. ಅವನು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಸಭಾಸೇವೆಗೆ ಅಭಿಷಿಕ್ತನಾಗಿ, ಬೇರೆಲ್ಲೂ ನಿಲ್ಲದೆ, ಗದ್ದಲವೆದ್ದಿದ್ದ ಅದೇ ಕರಾವಳಿಗೆ ಮರಳಿ ಬಂದನು. ಮಂಗಳೂರಿನಲ್ಲಿ ಪಾಠ ಹೇಳಿ, ಕೊಡಗಿನಲ್ಲಿ ಬಡಜನರ ನಡುವೆ ಸೇವೆ ಮಾಡಿ, 1893ರಲ್ಲಿ ತೀರಿಕೊಂಡನು. ಸುಮಾರು ಐವತ್ತು ವರ್ಷಗಳ ಕ್ರೈಸ್ತ ಜೀವನ ಅದು. ಲೋಕದ ವಿರೋಧ ಮೊದಲ ದಿನಗಳಲ್ಲಿ ಸಿಡಿಲಿನಂತೆ ಬರುತ್ತದೆ. ಆಮೇಲೆ ಹತ್ತಾರು ವರ್ಷ ಜಡಿಮಳೆಯಂತೆ ಹಿಡಿಯುತ್ತದೆ, ಮತ್ತು ಸಿಡಿಲನ್ನು ತಾಳಿದವರು ಈ ಜಡಿಮಳೆಗೆ ಕುಸಿಯುವುದುಂಟು. ಪ್ರತಿದಿನವೂ ಪಕ್ಕದಲ್ಲಿ ನಿಲ್ಲುವವನೊಬ್ಬ ಇಲ್ಲದಿದ್ದರೆ ಅಷ್ಟು ವರ್ಷ ಅದೇ ನೆಲದಲ್ಲಿ ನಿಲ್ಲುವುದು ಸಾಧ್ಯವಿರಲಿಲ್ಲವೆಂದು ನಾನು ನಂಬುತ್ತೇನೆ.

ಕೌಂಡಿಣ್ಯರಿಗೆ ವಿದ್ಯೆಯಿತ್ತು. ಅದಿಲ್ಲದವರ ಪಾಡೇನು? ಆ ಕಾಲದಲ್ಲಿ ಕಸುಬು, ಗೇಣಿಯ ಭೂಮಿ, ಸಾಲ, ಮದುವೆ ಎಲ್ಲವೂ ಜಾತಿಯ ನೂಲಿನಲ್ಲಿ ಪೋಣಿಸಿದ್ದವು. ಅದರಿಂದ ಹೊರಬಂದವನು ನಾಳೆಯ ಗಂಜಿಯನ್ನೂ ಕಳೆದುಕೊಳ್ಳುತ್ತಿದ್ದನು. ಪ್ರಾರ್ಥನೆ ಮಾಡಿರಿ, ದೇವರು ನೋಡಿಕೊಳ್ಳುವನು ಎಂದು ಹೇಳಿ ಕಳುಹಿಸುವುದು ಮಿಷನ್ನಿನವರಿಗೆ ಸುಲಭವಿತ್ತು. ಅವರು ಪ್ರಾರ್ಥನೆಯನ್ನೂ ಮಾಡಿದರು, ಮಗ್ಗಗಳನ್ನೂ ಹೂಡಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಗಿಯಾರ್ಗ್ ಪ್ಲೆಬ್ಸ್ಟ್ ಅವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನದಿದಂಡೆಯ ಜೇಡಿಮಣ್ಣನ್ನು ಹದಮಾಡಿ, ಅಚ್ಚಿಗೆ ಒತ್ತಿ, ಒಣಗಿಸಿ, ಗೂಡಿನಲ್ಲಿ ಸುಟ್ಟು ತೆಗೆದ ಹೆಂಚು ಕರಾವಳಿ, ಮಲೆನಾಡಿನ ಎಲ್ಲ ಜಾತಿಮತಗಳವರ ಮನೆಗಳ ಮೇಲೂ ಏರಿತು. ಹಳೆಯ ಮನೆಯನ್ನು ಬಿಚ್ಚುವಾಗ ಒಂದು ಹೆಂಚನ್ನು ಮಗುಚಿ ನೋಡಿದ್ದೇನೆ. ಬೆನ್ನಿನ ಮೇಲೆ ಮಿಷನ್ನಿನ ಹೆಸರು, 1865 ಎಂಬ ಅಂಕಿ, ಅಂಚಿನಲ್ಲಿ ಹಸಿಮಣ್ಣಿದ್ದಾಗ ಯಾರದೋ ಹೆಬ್ಬೆರಳು ಒತ್ತಿ ಉಳಿದ ಗುರುತು. ಕುಲವೂ ಕಸುಬೂ ಹೋದ ಯಾವನೋ ಒಬ್ಬ ಅಂದು ಅದನ್ನು ಅಚ್ಚಿನಿಂದ ಎತ್ತಿ ಒಣಗಲು ಇಟ್ಟಿರಬೇಕು, ಸಂಜೆ ಕೂಲಿ ಪಡೆದು ಅಕ್ಕಿ ಕೊಂಡು ಮನೆಗೆ ಹೋಗಿರಬೇಕು. ದೇವರ ಸಹಾಯ ಎಂದಾಗ ನನಗೆ ಕಾಣುವ ರೂಪಗಳಲ್ಲಿ ಆ ಬೆರಳಗುರುತೂ ಒಂದು. ಅದರಲ್ಲಿ ಅಪಾಯವೂ ಇತ್ತು. ಮಿಷನ್ನಿನ ಸಂಬಳವನ್ನೇ ದೇವರೆಂದು ನೆಚ್ಚಿಕೊಂಡವರು, ಯಜಮಾನನ ಮಾತಿಗೆ ಆಮೆನ್ ಎನ್ನುವುದನ್ನೇ ಭಕ್ತಿಯೆಂದು ಭಾವಿಸಿದವರು ಇರಲಿಲ್ಲವೆಂದು ಹೇಳಲಾಗದು. ಸಹಾಯದ ಕೈಯನ್ನು ಕಂಡು ಸಹಾಯಕನನ್ನು ಮರೆಯುವುದು ನಮಗೆ ಅಂದೂ ಸುಲಭ, ಇಂದೂ ಸುಲಭ.

ಹಾಗೆಂದು ಆ ಕೈ ಯಾವಾಗಲೂ ವಿಶ್ವಾಸಿಯದೇ ಆಗಿರಬೇಕೆಂದೇನೂ ಇಲ್ಲ. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ, ಮನೆಯಲ್ಲಿ ಪ್ರಾರ್ಥನೆ ನಡೆಸುತ್ತಾಳೆಂಬ ಕಾರಣಕ್ಕೆ ವಿಧವೆಯೊಬ್ಬಳಿಗೆ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯಲು ಬಿಡದೆ ಹೋದರು. ನಾವು ಕೆಲವರು ಅವಳನ್ನು ನೋಡಲು ಹೋಗಿದ್ದೆವು. ಬಾಗಿಲ ಬಳಿ ಎರಡು ತುಂಬಿದ ಕೊಡಗಳಿದ್ದವು. ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ ಅವಳು ಎದುರುಮನೆಯ ಅಜ್ಜಿಯ ಕಡೆ ತೋರಿಸಿದಳು. ಹಣೆಗೆ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಆ ಹಿರಿಯರು ಮೊದಲ ದಿನವೇ, ಖಾಲಿ ಕೊಡ ನನ್ನ ಹಿತ್ತಲಲ್ಲಿ ಇಟ್ಟುಹೋಗು, ನಾನು ತುಂಬಿಸಿಡ್ತೀನಿ ಎಂದಿದ್ದರಂತೆ. ನಾವು ಕೈಮುಗಿದಾಗ ಅವರು ತಲೆಯೆತ್ತಿ, ಬಿಸಿಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡಿಯಿರಿ ಎಂದರಷ್ಟೆ. ಹಡಗು ಒಡೆದು ಮೆಲೀತೆ ದ್ವೀಪದ ದಡಕ್ಕೆ ಬಿದ್ದ ಪೌಲನಿಗೂ ಸಂಗಡಿಗರಿಗೂ ಮಳೆ, ಚಳಿ ಎಂದು ಬೆಂಕಿ ಹೊತ್ತಿಸಿಕೊಟ್ಟವರು ಕ್ರಿಸ್ತನ ಹೆಸರನ್ನೇ ಕೇಳದಿದ್ದ ದ್ವೀಪವಾಸಿಗಳು. ಅವರ ದಯೆ ಅಸಾಧಾರಣವಾಗಿತ್ತೆಂದು ಲೂಕನು ದಾಖಲಿಸಿದ್ದಾನೆ. ಆ ಅಜ್ಜಿಗಾಗಿ ನಾನು ಇಂದಿಗೂ ದೇವರನ್ನು ಸ್ತುತಿಸುತ್ತೇನೆ.

ಇದೇ ಕಾರಣದಿಂದ, ನೆಲದ ಕಾನೂನಿನ ರಕ್ಷಣೆಯನ್ನು ಕೇಳುವುದು ನಂಬಿಕೆಯ ಕೊರತೆಯೆಂದು ನಾನು ಎಣಿಸುವುದಿಲ್ಲ. ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡವನು, ಚಾವಟಿಯ ಏಟು ಬೀಳುವ ಮುನ್ನ ತಾನು ರೋಮಿನ ಪೌರನೆಂದು ಶತಾಧಿಪತಿಗೆ ನೆನಪಿಸಿದವನು, ರೋಮಿನ ಚಕ್ರವರ್ತಿಯಾದ ಕೈಸರನಿಗೆ ಮೊರೆಯಿಟ್ಟವನು ಪೌಲನೇ. ನಮ್ಮ ಸಂವಿಧಾನದ 25ನೆಯ ವಿಧಿಯು ಪ್ರತಿಯೊಬ್ಬರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದನ್ನು ವಿನಯದಿಂದಲೂ ದೃಢವಾಗಿಯೂ ಕೇಳಬಹುದು, ಬೇರೆಯವರಿಗೂ ಅದೇ ಸ್ವಾತಂತ್ರ್ಯ ಸಿಗಬೇಕೆಂದು ಅಷ್ಟೇ ದೃಢವಾಗಿ ನಿಲ್ಲಬೇಕು. ಆದರೆ ಬುಟ್ಟಿಯ ಹಗ್ಗ ಎಲ್ಲ ಕಾಲಕ್ಕೂ ಸಿಗುವುದಿಲ್ಲ, ಕೈಸರನು ಎಲ್ಲ ಕಾಲಕ್ಕೂ ನ್ಯಾಯ ಕೊಡುವುದಿಲ್ಲ. ಆಸ್ಯ ಸೀಮೆಯಲ್ಲಿ ಜೀವದ ಆಸೆಯನ್ನೇ ಬಿಟ್ಟುಬಿಡುವಷ್ಟು ಭಾರ ತನ್ನ ಮೇಲೆ ಬಿದ್ದಿತೆಂದು ಕೊರಿಂಥದವರಿಗೆ ಹೇಳುವ ಪೌಲನು, ನಮ್ಮ ಮೇಲೆ ನಾವು ಭರವಸವಿಡದೆ ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸವಿಡುವಂತೆ ಹೀಗಾಯಿತು ಎಂದು ಕಾರಣ ಕೊಡುತ್ತಾನೆ. ಸಾವಿನಿಂದ ತಪ್ಪಿಸುವ ದೇವರು ಎಂದಿದ್ದರೆ ಸಾಕಾಗುತ್ತಿತ್ತು. ಸತ್ತವರನ್ನು ಎಬ್ಬಿಸುವ ದೇವರು ಎಂದಿದ್ದಾನೆ. ಅವನ ಭರವಸೆಯ ಅಡಿಗಲ್ಲು ಸಾವಿನ ಆಚೆ ಇದೆ.

ಹೀಗಾಗಿಯೇ ತಿಮೊಥೆಗೆ ಬರೆದ ಪತ್ರದಲ್ಲಿ ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಎರಡು ಮಾತುಗಳು ಒಂದೇ ಅಧ್ಯಾಯದಲ್ಲಿ ಕೂಡಿ ಬಾಳುತ್ತವೆ. ಆರನೆಯ ವಚನದಲ್ಲಿ, ನಾನು ಈಗಲೇ ಪಾನದ್ರವ್ಯವಾಗಿ, ಎಂದರೆ ದೇವರಿಗೆ ಅರ್ಪಣೆಯಾಗಿ ಸುರಿಯುವ ದ್ರಾಕ್ಷಾರಸದಂತೆ, ಹೊಯ್ಯಲ್ಪಡುತ್ತಿದ್ದೇನೆ, ನಾನು ಹೊರಟುಹೋಗುವ ಸಮಯ ಸಮೀಪಿಸಿದೆ ಎನ್ನುತ್ತಾನೆ. ಹದಿನೆಂಟನೆಯ ವಚನದಲ್ಲಿ, ಕರ್ತನು ನನ್ನನ್ನು ಸಕಲ ದುಷ್ಕೃತ್ಯದಿಂದ ಬಿಡಿಸಿ ತನ್ನ ಪರಲೋಕ ರಾಜ್ಯಕ್ಕೆ ಸುರಕ್ಷಿತವಾಗಿ ಸೇರಿಸುವನು ಎನ್ನುತ್ತಾನೆ. ಹದಿನೇಳನೆಯ ವಚನದಲ್ಲಿ ತಾನೇ ಹೇಳುವಂತೆ, ಮೊದಲ ವಿಚಾರಣೆಯಲ್ಲಿ ಸಿಂಹದ ಬಾಯಿಂದ ತಪ್ಪಿಸಿಕೊಂಡವನಿಗೆ ಎರಡನೆಯ ವಿಚಾರಣೆಯಲ್ಲಿ ಸಿಂಹ ತಪ್ಪದೆಂದು ತಿಳಿದಿದೆ. ಆದರೂ ಬಿಡಿಸುವನು ಎಂಬ ಪದವನ್ನು ಅವನು ಹಿಂತೆಗೆದುಕೊಳ್ಳುವುದಿಲ್ಲ. ತಲೆ ಹೋದರೂ ಯಾವುದು ಹೋಗಬಾರದೋ ಅದನ್ನು ಕರ್ತನು ಕಾಯುವನೆಂಬ ನಿಶ್ಚಯ ಅವನಿಗಿದೆ. ಅವನು ಹೆದರಿದ್ದು ಖಡ್ಗಕ್ಕಲ್ಲ. ಖಡ್ಗದ ಭಯದಲ್ಲಿ ತಾನು ಕರ್ತನನ್ನು ಅಲ್ಲಗಳೆದೇನೋ, ಬಿಟ್ಟುಹೋದವರ ಮೇಲಿನ ಕಹಿಯಲ್ಲಿ ಪ್ರೀತಿಯನ್ನು ಕಳೆದುಕೊಂಡೇನೋ ಎಂಬುದಕ್ಕೆ. ಆ ಎರಡರಿಂದಲೂ ಅವನನ್ನು ಬಿಡಿಸಲಾಯಿತೆಂಬುದಕ್ಕೆ ಈ ಪತ್ರವೇ ಸಾಕ್ಷಿ.

ಅದರ ಗುರುತನ್ನು ನಾನು ಮಾರ್ಕನ ಹೆಸರಿನಲ್ಲಿಯೂ ಕಾಣುತ್ತೇನೆ. ಹಿಂದೊಮ್ಮೆ ಪಂಫುಲ್ಯದಲ್ಲಿ ಕೆಲಸದ ನಡುವೆ ಬಿಟ್ಟುಹೋದ ಈ ಯುವಕನನ್ನು ಮತ್ತೆ ಜೊತೆಗೆ ಕರೆದೊಯ್ಯಲಾರೆನೆಂದು ಪೌಲನು ಹಟ ಹಿಡಿದು, ಅದೇ ಕಾರಣಕ್ಕೆ ಬಾರ್ನಬನಂಥ ಹಿತೈಷಿಯಿಂದಲೂ ಅಗಲಿದ್ದನು. ಈಗ ಬಿಟ್ಟುಹೋದವರ ಪಟ್ಟಿಯನ್ನು ಬರೆಯುತ್ತಿರುವಾಗಲೇ, ಅವನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನು ಎನ್ನುತ್ತಾನೆ.

ಪತ್ರ ಮುಗಿಯುತ್ತ ಬಂದಿದೆ. ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಿಸು ಎಂಬ ಒಂದು ಸಾಲು. ಚಳಿಗಾಲ ಬಂತೆಂದರೆ ಆ ಸಮುದ್ರದಲ್ಲಿ ಹಡಗುಗಳ ಸಂಚಾರ ನಿಲ್ಲುತ್ತಿತ್ತು, ಆಮೇಲೆ ವಸಂತದವರೆಗೂ ಕಾಯಬೇಕು, ಅಲ್ಲಿಯತನಕ ತಾನಿರುವೆನೋ ಇಲ್ಲವೋ. ತಿಮೊಥೆಯು ಸಮಯಕ್ಕೆ ತಲುಪಿದನೇ, ಕಂಬಳಿ ಬಂದಿತೇ ಎಂಬುದನ್ನು ಶಾಸ್ತ್ರ ನಮಗೆ ಹೇಳುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಸಾಲಿದೆ, ಓದುವಾಗ ನಾವು ಸಾಮಾನ್ಯವಾಗಿ ಹಾರಿಸಿಬಿಡುವ ಸಾಲು. ಯುಬೂಲನೂ ಪೂದೆಯೂ ಲೀನನೂ ಕ್ಲೌದ್ಯಳೂ ಸಹೋದರರೆಲ್ಲರೂ ನಿನಗೆ ವಂದನೆ ಹೇಳುತ್ತಾರೆ. ಯಾರೂ ನನ್ನ ಪಕ್ಷಕ್ಕೆ ಬರಲಿಲ್ಲ ಎಂದು ಬರೆದ ಅದೇ ಸೆರೆಯಿಂದ, ಅದೇ ಪತ್ರದಲ್ಲಿ, ಮೂವರು ಗಂಡಸರ ಮತ್ತು ಒಬ್ಬ ಹೆಂಗಸಿನ ಹೆಸರು. ವಿಚಾರಣೆಯ ದಿನ ಇವರು ಎಲ್ಲಿದ್ದರೋ. ಈಗಲಂತೂ ಅವನಿಗೆ ಮಾತು ತಲುಪಿಸುವಷ್ಟು ಹತ್ತಿರ ಬಂದಿದ್ದಾರೆ, ಅವನು ಅವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಬರೆಯಿಸುತ್ತಿದ್ದಾನೆ.